ಒಂದೇ ಕಣ್ಣಿಗೆ ಕಾಡಿಗೆ

ಅಕ್ಷತಾ,

ನಿನ್ನ ಮೊಗ್ಗಿನ ಜಡೆ ತರೋಕೆ ಹೊಸಕೋಟೆಗೆ ಹೋಗ್ತಿದೀನಿ, ಏಳಕ್ಕೆಲ್ಲ ಬಂದ್ಬಿಡ್ತೀನಿ. ಮೇಕಪ್ ಮಾಡೋ ರೂಪಕಲಾ ಆರಕ್ಕೇ ಬರ್ತಾರೆ. ಅಷ್ಟರಲ್ಲಿ ತಲೆ ಪೂರ್ತಿ ಒಣಗಿರ್ಬೇಕು. ಬ್ಲೌಸ್ ಹಾಕ್ಕೊಂಡೇ ಕನ್ನಡಿ ಮುಂದೆ ಕೂರು.

ಅವರು ಮೂರು ಗಂಟೆ ಬೇಕು ಅಂದಿದಾರೆ. ದೇವನಹಳ್ಳಿ ಛತ್ರಕ್ಕೆ ಅರ್ಧ ಗಂಟೆ. ಮುಹೂರ್ತ ಒಂಬತ್ತೂ ನಲವತ್ತಕ್ಕೆ. "ಇನ್ನೂ ಟೈಮಿದೆ ಬಿಡಕ್ಕಾ" ಅಂತ ರಾಗ ಎಳೀಬೇಡ. ಹಾಲ್ ಗೋಡೆ ಮೇಲಿರೋ ನನ್ನ ಮದುವೆ ಫೋಟೋ ನೋಡು, ಒಂದು ಕಣ್ಣಿಗೆ ಕಾಡಿಗೆ ಇದೆ, ಇನ್ನೊಂದಕ್ಕಿಲ್ಲ. ಪುರೋಹಿತರು ಕೂಗಿದ್ರು ಅಂತ ಹಾಗೇ ಎದ್ದು ಓಡಿದ್ದೆ. ಹದಿನೈದು ವರ್ಷದಿಂದ ನಿಮ್ಮ ಭಾವ ಆಡ್ಕೊಂಡು ನಗ್ತಿದಾರೆ.

ದೊಡ್ಡಮ್ಮ, ಚಿಕ್ಕಮ್ಮ ಎಲ್ಲಾ "ನಂಗೂ ಒಂಚೂರು ತಲೆ ಬಾಚಿಸಮ್ಮ" ಅಂತ ಬರ್ತಾರೆ. ಕುರ್ಚಿ ಬಿಟ್ಟು ಏಳ್ಬೇಡ. ನನ್ನ ಮಗಳು ಪುಟ್ಟಿ ಜಡೆ ಬೇಕು ಅಂತ ಅತ್ರೂ ಏಳ್ಬೇಡ.

ನನ್ನ ಮದುವೆ ದಿನ ಒಂಬತ್ತು ವರ್ಷದವಳೊಬ್ಬಳು ಹಾಗೇ ಅತ್ತಿದ್ದಕ್ಕೆ ನಾನು ಎದ್ದು ಜಾಗ ಕೊಟ್ಟೆ. ಅವಳ ಜಡೆಗೇ ಮುಕ್ಕಾಲು ಗಂಟೆ ಹಿಡೀತು. ಯಾರು ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ ಕಣೇ.

ಕೂತಿರು. ಬಂದೆ.

ಭಾನು ಅಕ್ಕ