ಕಡಲಂಚಿನ ಫೋಟೋ

ಮೇ ೯, ಶುಕ್ರವಾರ. ಮಹ್ದಿಯಾ.

ನಾನು ಬಾಯಿ ಬಿಡಬೇಕಿತ್ತು. ಬೆಳಿಗ್ಗೆ ಪ್ರವಾಸಿಗಳಿಗೆ ಕೋಟೆ, ಹಳೇ ಬಂದರು ತೋರಿಸಿ, ದೀಪಸ್ತಂಭದ ಕೆಳಗಿನ ಗೋರಿಗಳ ನಡುವೆ ಕರೆತಂದೆ. ಒಬ್ಬಾಕೆ ಸುಸ್ತಾಗಿ ಒಂದು ಬಿಳಿ ಗೋರಿಯ ಮೇಲೆ ಕೂತು ನನ್ನ ಕೈಗೆ ಫೋನು ಕೊಟ್ಟಳು. "ಸಮುದ್ರ ಕಾಣೋ ಹಾಗೆ ಒಂದು ಫೋಟೋ ತೆಗೀರಿ."

ಅದು ಅಪ್ಪನ ಗೋರಿ. ಹೋದ ಈದ್‌ಗೆ ನಾನೇ ಸುಣ್ಣ ಬಳಿದದ್ದು. ಎಲ್ಲರೆದುರು ಆಕೆಗೆ ಮುಜುಗರವಾದೀತೆಂದು ಸುಮ್ಮನಾದೆನಂತೆ! ಬರೀ ನೆಪ. ಹೇಡಿ ನಾನು. ಅಪ್ಪನ ಹೆಸರು ಫೋಟೋದಲ್ಲಿ ಬರದಿರಲೆಂದು "ಸ್ವಲ್ಪ ಈ ಕಡೆ ಸರೀರಿ" ಎಂದೆ ಬೇರೆ.

ಮನೆಯಲ್ಲಿ ಅಮ್ಮ ಮೀನಿನ ಕುಸ್‌ಕುಸ್ ಬಡಿಸುತ್ತಾ ಕೇಳಿದಳು. "ಜಲೀಲಾ, ಅಪ್ಪನ ಹತ್ರ ಹೋಗಿದ್ಯೇನೇ?"

"ಹೋಗಿದ್ದೆ."

"ಏನಂದ್ರು?"

ಪ್ರತಿ ಶುಕ್ರವಾರದ ತಮಾಷೆ. ಏನಾದರೂ ಕಟ್ಟಿ ಹೇಳಿ ನಗಿಸುತ್ತಿದ್ದೆ. ಇವತ್ತು ಅಪ್ಪ ಏನಂದಿರುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು.