ಊಟದ ಹೊತ್ತಿಗೆ ಟಿವಿ ಬೇಡ

ಭಾವ,

ನೀವು ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬರುವಷ್ಟರಲ್ಲಿ ನಾನು ನಮ್ಮೂರಿಗೆ ಹೊರಟಿರುತ್ತೇನೆ. ಪುಟ್ಟಿ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇದ್ದಾಳೆ, ಮೊದಲು ಅವಳನ್ನು ಕರೆದುಕೊಂಡು ಬನ್ನಿ.

ಅಡುಗೆ ಮಾಡಿಟ್ಟಿದ್ದೇನೆ, ಬಿಸಿ ಮಾಡಿಕೊಂಡರೆ ಸಾಕು. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯಬೇಡಿ. ಹೇಳಿ ಹೇಳಿ ಅಕ್ಕನ ಬಾಯಿ ನೋಯುತ್ತಿತ್ತು, ಈಗ ನನ್ನದು. ಬೆಳಿಗ್ಗೆ ಪುಟ್ಟಿಯ ತಲೆ ನೀವೇ ಬಾಚಿ. ಇಕ್ಕಟ್ಟಿನ ಬೀದಿಯಲ್ಲಿ ಅಷ್ಟುದ್ದದ ಬಸ್ಸು ತಿರುಗಿಸುವವರಿಗೆ ಎರಡು ಜಡೆ ಹೆಣೆಯುವುದು ಏನು ಮಹಾ? ಸೊಟ್ಟಗಾದರೂ ಅವಳೇನೂ ಅನ್ನುವುದಿಲ್ಲ.

ಮುಖ್ಯವಾದದ್ದು ಇದು. ಊಟದ ಹೊತ್ತಿಗೆ ಟಿವಿ ಹಾಕಬೇಡಿ. ಅಕ್ಕ ತೀರಿಕೊಂಡ ಮೇಲೆ ಮನೆ ಬಿಕೋ ಎನ್ನುತ್ತದೆ, ಅದಕ್ಕೇ ಹಾಕುತ್ತೀರಿ, ಗೊತ್ತು. ಆದರೆ ನಿನ್ನೆ ಊಟಕ್ಕೆ ಕೂತಾಗ ಪುಟ್ಟಿ, "ಅಪ್ಪಾ, ಅಮ್ಮ ಹೆಂಗೆ ನಗ್ತಿದ್ಲು?" ಅಂತ ಮತ್ತೆ ಮತ್ತೆ ಕೇಳಿದಳು. ಆ ಗದ್ದಲದಲ್ಲಿ ನಿಮಗೆ ಕೇಳಿಸಲೇ ಇಲ್ಲ. ಮಲಗುವಾಗ ನನ್ನ ಕಿವಿಯಲ್ಲಿ, "ಚಿಕ್ಕಮ್ಮ, ಅಪ್ಪಂಗೂ ಮರ್ತೋಗಿದ್ಯಾ?" ಎಂದಳು.

ಅದಕ್ಕೆ ನೀವೇ ಉತ್ತರ ಕೊಡಬೇಕು ಭಾವ. ಇವತ್ತು ಇಬ್ಬರೂ ಒಟ್ಟಿಗೆ ಕೂತು ನಿಧಾನವಾಗಿ ಉಣ್ಣಿ. ಅಕ್ಕ ನಗಲು ಶುರು ಮಾಡಿದರೆ ಮಾತೇ ಹೊರಡದೆ ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದಳಲ್ಲ, ಅದನ್ನು ಹೇಳಿ. ಹೇಳುತ್ತಾ ಅಳು ಬಂದರೆ ಎದ್ದು ಹೊರಗೆ ಹೋಗಬೇಡಿ. ಅವಳೆದುರೇ ಅತ್ತುಬಿಡಿ. ಅಪ್ಪ ಮರೆತಿಲ್ಲ ಅಂತ ಆ ಮಗುವಿಗೆ ಗೊತ್ತಾಗಲಿ.

ನಿಮ್ಮ ನಾದಿನಿ