ಅಡಾಪ್ಟರ್ ನನ್ನ ಚೀಲದಲ್ಲಿದೆ

ಅಣ್ಣಾ,

ರಾತ್ರಿ ಮೇಲಿನ ಕೋಣೆಯಲ್ಲಿ ‘ಟಕ್’ ಎಂದು ಕ್ಯಾಸೆಟ್ ಕೂತ ಸದ್ದು ಕೇಳಿ, ಬಂದು ಇಣುಕಿದೆ. ನೀನು ನಮ್ಮ ಹಳೇ ವಿಡಿಯೋ ಗೇಮ್ ಹಚ್ಚಿಕೊಂಡು ಟ್ಯಾಂಕಿನ ಆಟ ಆಡುತ್ತಿದ್ದೆ. ಚಿಕ್ಕಂದಿನಲ್ಲಿ ನಾನು ಕಳೆದೆನೆಂದು ಅವ್ವನಿಗೆ ಚಾಡಿ ಹೇಳಿದ್ದೆಯಲ್ಲ, ಅದೇ ಕ್ಯಾಸೆಟ್. ನೀನು ಮಲಗಿದ ಮೇಲೆ ತೆಗೆದು ನೋಡಿದೆ. ಹಿಂದೆ ನಾನು ಪಿನ್ನಿನಿಂದ ಕೊರೆದ ನನ್ನ ಹೆಸರು ಹಾಗೇ ಇದೆ.

ಅವತ್ತಿನಿಂದ ಅವ್ವ ಮನೆಗೆ ಬಂದವರಿಗೆಲ್ಲ “ಇಕಿ ಕೈಯಾಗ ಕೊಟ್ಟದ್ದು ಉಳಿಯಂಗಿಲ್ರಿ” ಅನ್ನುತ್ತಾಳೆ. ತಿಜೋರಿಯ ಕೀಲಿ ಇವತ್ತಿಗೂ ನಿನ್ನ ಹತ್ತಿರವೇ.

ಹಾಲು ಕಾಯಿಸಿಟ್ಟಿದ್ದೇನೆ. ಊಟವಾದ ಮೇಲೆ ಅವ್ವನಿಗೆ ಬಿ.ಪಿ. ಗುಳಿಗೆ ಕೊಡು, ಮರೆಯಬೇಡ. ಗೇಮಿನ ಅಡಾಪ್ಟರ್ ಹುಡುಕಬೇಡ. ಅದು ನನ್ನ ಜೊತೆ ಗಜೇಂದ್ರಗಡಕ್ಕೆ ಹೊರಟಿದೆ. ಸಂಜೆ ನಿನ್ನ ಗೆಳೆಯರು ಆಡಲು ಬಂದಾಗ ಅವ್ವ “ಎಲ್ಲಿ ಹೋತೋ ಅದು?” ಎಂದು ಕೇಳೇ ಕೇಳುತ್ತಾಳೆ. “ನಾನ ಕಳದೀನವ್ವಾ” ಎಂದು ಎಲ್ಲರೆದುರು ಹೇಳು. ಆ ಮಾತು ಹೇಗಿರುತ್ತದೆಂದು ಒಮ್ಮೆ ನಿನಗೂ ತಿಳಿಯಲಿ.

ಕ್ಯಾಸೆಟ್ಟಿನ ವಿಷಯ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ನಾನು ಮರಳಿ ಬಂದು ಅವ್ವನ ಪಕ್ಕ ಕೂತಾಗಲೆಲ್ಲ, ಇವಳು ಈಗ ಹೇಳಿಬಿಡುತ್ತಾಳೇನೋ ಎಂದು ನೀನು ಹೆದರುತ್ತಿರು.

ಅನ್ನಪೂರ್ಣಾ